ಮೂಗಿಗೆ ಬಡಿದ ಮೇಲೆ

— ಈ ಬಸವಣ್ಣನವರ ಪ್ರತಿಮೆಯ ಕೆಳಗೇ ದೊಡ್ಡ ಮೋರಿ ಇದೆಯಂತಲ್ಲಮ್ಮ? ಪಾರ್ಕಿನಲ್ಲಿ ಸಿಕ್ಕಿದ ಹುಬ್ಬಳ್ಳಿಯವರೊಬ್ಬರು ಹೇಳ್ತಿದ್ರು, ಈ ದಂಡೆ ಕಟ್ಟಿದ್ದೇ ಲಂಡನ್ನಿನ ಒಳಚರಂಡಿ ಮುಚ್ಚೋದಕ್ಕೆ ಅಂತ.

— ಅದು ಆಚೆ ದಂಡೆ, ಮಾವ. ಎರಡನ್ನೂ ಕಟ್ಟಿಸಿದ ಎಂಜಿನಿಯರ್ ಒಬ್ಬನೇ, ಜೋಸೆಫ್ ಬಜಾಲ್ಗೆಟ್. ಆದ್ರೆ ಈ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಒಳಗೆ ಮುಖ್ಯ ಚರಂಡಿ ಹಾದು ಹೋಗಿಲ್ಲ. ದಕ್ಷಿಣದ ಚರಂಡಿಗಳು ಹೊಳೆಯಿಂದ ದೂರ, ಊರೊಳಗೇ ಹೋಗ್ತವೆ. ಎದುರಿಗೆ ಕಾಣೋ ಪಾರ್ಲಿಮೆಂಟ್ ಇದೆಯಲ್ಲ, ಅದರ ಪಕ್ಕದಿಂದ ಶುರುವಾಗೋ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಹೊಟ್ಟೆಯಲ್ಲಿ ಚರಂಡಿ, ರೈಲಿನ ಸುರಂಗ, ನೀರು-ಗ್ಯಾಸಿನ ಕೊಳವೆ ಹೋಗೋ ಓಣಿ, ಮೂರೂ ಇವೆ. ಹೊಳೆಯಿಂದಲೇ ಸುಮಾರು 37 ಎಕರೆ ಕಿತ್ಕೊಂಡು ಕಟ್ಟಿದ್ದು. 1870ರಲ್ಲಿ ಮುಗೀತು.

— ಸದ್ಯ, ಬಸವಣ್ಣ ಬಚಾವಾದ್ರು.

— 2015ರಲ್ಲಿ ನಿಲ್ಲಿಸೋವಾಗ ಇದನ್ನೆಲ್ಲ ಯೋಚನೆ ಮಾಡಿರಲಾರರು ಬಿಡಿ. ಬೆಳಗ್ಗೆ ವಾಪಿಂಗ್ ಸ್ಟೇಷನ್ ದಾಟಿದ ಮೇಲೆ ರೈಲು ಒಂದು ಹಳೇ ಸುರಂಗದೊಳಗೆ ಹೋಯ್ತಲ್ಲ, ನೀವು ಕಣ್ಣು ಮುಚ್ಚಿಕೊಂಡಿದ್ರಿ. ತೋರಿಸಬೇಕು ಅಂತಿದ್ದೆ.

— ಎಲ್ಲಾ ಸುರಂಗವೂ ಕತ್ತಲೇ. ಕಣ್ಣು ತೆರೆದ್ರೂ ಮುಚ್ಚಿದ್ರೂ ಅಷ್ಟೇ.

— ಅದು ಅಂಥಿಂಥ ಸುರಂಗ ಅಲ್ಲ. ತುಂಬಿ ಹರಿಯೋ ಹೊಳೆಯ ಕೆಳಗೆ, ಮೆತ್ತನೆ ಮಣ್ಣಿನಲ್ಲಿ ಮನುಷ್ಯ ಕೊರೆದು ಗೆದ್ದ ಮೊದಲನೇ ಸುರಂಗ. ಮಾರ್ಕ್ ಬ್ರೂನೆಲ್ ಅನ್ನೋ ಫ್ರಾನ್ಸಿನವನು 1825ರಲ್ಲಿ ಶುರು ಮಾಡಿದ್ದು, ಬಾಗಿಲು ತೆರೆದದ್ದು 1843ರಲ್ಲಿ. ಉದ್ದ ನಾನೂರು ಮೀಟರ್ ಕೂಡ ಇಲ್ಲ.

— ಹದಿನೆಂಟು ವರ್ಷ, ನಾನೂರು ಮೀಟರ್! ನಮ್ಮ ಇಲಾಖೆಯಲ್ಲಿ ಹಾಗೆ ಮಾಡಿದ್ರೆ ಆಡಿಟ್‌ನವರು ಉಗೀತಿದ್ರು. ಹೇಗೆ ಇಳಿದರಂತೆ ಕೆಳಗೆ?

— ಅದು ನಿಮಗೆ ಇಷ್ಟ ಆಗುತ್ತೆ. ದಡದ ಮೇಲೆ ಐವತ್ತಡಿ ಅಗಲದ ದುಂಡನೆ ಇಟ್ಟಿಗೆ ಗೋಪುರ ಕಟ್ಟಿದ್ರು. ಕೆಳಗಡೆ ಕಬ್ಬಿಣದ ಬಳೆ. ಒಳಗಿನ ಮಣ್ಣು ತೆಗೀತಾ ಬಂದ ಹಾಗೆ ಗೋಪುರ ತನ್ನ ಭಾರಕ್ಕೆ ತಾನೇ ನೆಲದೊಳಗೆ ಇಳೀತು.

— ಓ, ನಮ್ಮ ಕಡೆ ಬಾವಿಗೆ ಉಂಗುರ ಇಳಿಸೋ ಹಾಗೆ! ಸೇತುವೆ ಕಂಬಕ್ಕೂ ಹೊಳೆಯಲ್ಲಿ ಹಾಗೇ ಬಾವಿ ಇಳಿಸ್ತೀವಿ. ಅದು ಸರಿ. ಅಡ್ಡಕ್ಕೆ ಕೊರೆಯೋದು ಹೇಗೆ? ಮೇಲೆ ಹೊಳೆ, ಮುಂದೆ ಕೆಸರು.

— ಹಡಗಿನ ಮರ ಕೊರೆಯೋ ಒಂದು ಹುಳ ಇದೆ. ತಲೆಯ ಮೇಲಿನ ಚಿಪ್ಪಿನಿಂದ ಮುಂದೆ ಕೊರೀತಾ, ಹಿಂದೆ ಕೊರೆದ ದಾರಿಗೆ ಸುಣ್ಣದಂಥ ಗಿಲಾವು ಬಳೀತಾ ಹೋಗುತ್ತೆ. ಬ್ರೂನೆಲ್ ಅದನ್ನ ನೋಡಿ 1818ರಲ್ಲೇ ಒಂದು ಯಂತ್ರಕ್ಕೆ ಪೇಟೆಂಟ್ ತಗೊಂಡಿದ್ದ. ಎರಕದ ಕಬ್ಬಿಣದ ಹನ್ನೆರಡು ಚೌಕಟ್ಟು, ಒಂದೊಂದರಲ್ಲೂ ಮೇಲಿಂದ ಕೆಳಗೆ ಮೂರು ಗೂಡು. ಮೂವತ್ತಾರು ಗೂಡಿಗೆ ಮೂವತ್ತಾರು ಆಳು. ಪ್ರತಿಯೊಬ್ಬನ ಎದುರಿಗೂ ಅಡ್ಡ ಹಲಗೆಗಳ ಸಾಲು. ಒಂದು ಹಲಗೆ ತೆಗಿ, ಅದರ ಹಿಂದಿನ ಮಣ್ಣು ನಾಲ್ಕೂವರೆ ಇಂಚು ಕೆರಿ, ಹಲಗೆ ಮುಂದಕ್ಕೆ ಒತ್ತಿ ಕೂರಿಸು, ಆಮೇಲೆ ಮುಂದಿನ ಹಲಗೆ. ಎಲ್ಲಾ ಮುಗಿದ ಮೇಲೆ ಚೌಕಟ್ಟನ್ನ ಜಾಕಿಯಿಂದ ತಳ್ಳೋದು. ಹಿಂದೆಯೇ ಗಾರೆಯವರು ಇಟ್ಟಿಗೆ ಕಟ್ತಾ ಬರೋದು.

— ಒಳ್ಳೇ ತಲೆ. ಒಂದು ಸಲಕ್ಕೆ ಒಂದು ಹಲಗೆಯಷ್ಟು ಜಾಗ ಮಾತ್ರ ತೆರೆದಿರುತ್ತೆ. ಕುಸಿದ್ರೂ ಅಷ್ಟೇ ಕುಸೀಬೇಕು. ಇವತ್ತಿನ ಮೆಟ್ರೋ ಯಂತ್ರದ ಲೆಕ್ಕಾಚಾರವೂ ಅದೇ ಅಲ್ವಾ, ಎದುರಿಗೆ ಹಲಗೆ ಬದಲು ತಿರುಗೋ ಚಕ್ರ. ಆದ್ರೆ ಒಂದು ಕೇಳ್ತೀನಿ. ಮೇಲಿನ ಹೊಳೆ ಆಗ ಹೇಗಿತ್ತು?

— ಅಲ್ಲಿಗೇ ಬರ್ತಿದ್ದೆ. ಹೊಳೆ ಆಗಲೇ ಚರಂಡಿ. ಮೊದಲು ಮನೆಮನೆಯ ಕಕ್ಕಸು ಗುಂಡಿ ತುಂಬಿದ್ರೆ ರಾತ್ರಿ ಹೊತ್ತು ಬಳಿಯೋರು ಬಂದು ಗಾಡಿಗೆ ತುಂಬಿ ಹೊಲಗಳಿಗೆ ಸಾಗಿಸ್ತಿದ್ರು. ಬೀದಿಯ ಮೋರಿ ಮಳೆನೀರಿಗೆ ಮಾತ್ರ. ಮನೆಯ ಹೊಲಸನ್ನ ಅದಕ್ಕೆ ಬಿಡೋ ಹಾಗಿರಲಿಲ್ಲ. 1815ರಲ್ಲಿ ಆ ಕಟ್ಟು ಸಡಿಲಿಸಿದ್ರು. ಫ್ಲಶ್ ಕಕ್ಕಸು ಬಂದ ಮೇಲಂತೂ ಎಲ್ಲಾ ಥೇಮ್ಸಿಗೆ. ಆ ಹೊಳೆಯ ನೀರು ತಳದ ಜಲ್ಲಿಯಲ್ಲಿ ಜಿನುಗಿ ಆಳುಗಳ ತಲೆ ಮೇಲೆ ಸುರೀತಿತ್ತು.

— ಹಾಗಾದ್ರೆ ಗ್ಯಾಸ್.

— ಗ್ಯಾಸೇ. ದೀಪದ ಬೆಂಕಿ ತಗುಲಿ ಭಗ್ಗನೆ ಹೊತ್ತಿಕೊಳ್ತಿತ್ತು. ಕೆಲವರಿಗೆ ತಾತ್ಕಾಲಿಕವಾಗಿ ಕಣ್ಣೇ ಕಾಣ್ತಿರಲಿಲ್ಲ. ಜ್ವರ, ವಾಂತಿ. ಬ್ರೂನೆಲ್ಲೂ ಹಾಸಿಗೆ ಹಿಡಿದ. ಸ್ಥಳದ ಉಸ್ತುವಾರಿ ಎಂಜಿನಿಯರ್ ಆರೋಗ್ಯ ಕೆಟ್ಟು ಬಿಟ್ಟುಹೋದ. ಆ ಜಾಗಕ್ಕೆ ಬಂದವನು ಬ್ರೂನೆಲ್ಲನ ಮಗ ಇಸಂಬಾರ್ಡ್, ಇಪ್ಪತ್ತರ ಹುಡುಗ. 1827ರ ಮೇ ತಿಂಗಳಲ್ಲಿ ಹೊಳೆಯೇ ಒಳಗೆ ನುಗ್ಗಿತು. ಇಸಂಬಾರ್ಡ್ ಡೈವಿಂಗ್ ಬೆಲ್ಲಿನಲ್ಲಿ ಹೊಳೆಯ ತಳಕ್ಕೆ ಇಳಿದು ತೂತು ನೋಡಿ ಬಂದ. ಜೇಡಿಮಣ್ಣಿನ ಚೀಲ ಸುರಿದು ಮುಚ್ಚಿದ್ರು. ಆ ನವೆಂಬರಿನಲ್ಲಿ, ಜನರ ನಂಬಿಕೆ ಉಳಿಸಿಕೊಳ್ಳೋದಕ್ಕೆ, ಸುರಂಗದೊಳಗೇ ಔತಣ. ಮಿಲಿಟರಿ ಬ್ಯಾಂಡ್ ಬೇರೆ. ಎರಡು ತಿಂಗಳು ಕಳೆದಿತ್ತಷ್ಟೇ, 1828ರ ಜನವರಿಯಲ್ಲಿ ಮತ್ತೆ ನುಗ್ಗಿ ಆರು ಜನ ಸತ್ತರು. ಇಸಂಬಾರ್ಡ್ ಕೂಡ ಕೂದಲೆಳೆಯಲ್ಲಿ ಉಳಿದ. ಆಮೇಲೆ ದುಡ್ಡಿಲ್ಲದೆ ಗೋಡೆ ಕಟ್ಟಿ ವರ್ಷಗಟ್ಟಲೆ ಮುಚ್ಚಿಬಿಟ್ರು.

— ಔತಣದ ವಿಷಯ ಬಿಡು, ಎಲ್ಲಾ ಕಾಲದಲ್ಲೂ ಅದೇ. ಕಾಮಗಾರಿ ಸರಿಯಿಲ್ಲದಿದ್ದಾಗಲೇ ಶಾಮಿಯಾನ ದೊಡ್ಡದು. ನಾನು ಹೇಳೋದು ಇಷ್ಟು. ಲಂಡನ್ನಿನ ಹೊಳೆ ಕೆಟ್ಟಿದೆ ಅಂತ ಮೂವತ್ತಾರು ಆಳುಗಳಿಗೆ 1826ರಲ್ಲೇ ಗೊತ್ತಿತ್ತು. ಎದುರಿಗೆ ಕೂತಿದ್ದಾರಲ್ಲ, ಆ ಪಾರ್ಲಿಮೆಂಟಿನವರಿಗೆ ಯಾವಾಗ ಗೊತ್ತಾಯ್ತು?

— 1858ರಲ್ಲಿ.

— ಮೂವತ್ತೆರಡು ವರ್ಷ! ವಾಸನೆಗೆ ಆ ದಡದಿಂದ ಈ ದಡಕ್ಕೆ ಬರೋದಕ್ಕೆ ಅಷ್ಟು ಕಾಲ ಬೇಕಾಯ್ತಾ?

— ನಡುವೆ ಏನೂ ಆಗಲಿಲ್ಲ ಅಂತಲ್ಲ. ಆಗಿದ್ದು ಇನ್ನೂ ಕೆಟ್ಟದಾಯ್ತು. 1848ರಲ್ಲಿ ಎಡ್ವಿನ್ ಚಾಡ್ವಿಕ್ ಇದ್ದ ಸಮಿತಿ, ರೋಗ ಹುಟ್ಟೋದೇ ದುರ್ಗಾಳಿಯಿಂದ ಅಂತ ನಂಬಿ, ಊರಿನ ಗುಂಡಿಗಳನ್ನೆಲ್ಲ ಮುಚ್ಚಿಸಿ ಹೊಲಸನ್ನ ಹೊಳೆಗೆ ತೊಳೆದುಬಿಡೋದಕ್ಕೆ ಹೊರಟಿತು. ಮನೆಯ ಹತ್ತಿರ ನಾತ ಕಮ್ಮಿ ಆಯ್ತು. ಜನ ಕುಡೀತಿದ್ದದ್ದು ಹೊಳೆಯ ನೀರನ್ನ. 1848-49ರ ಕಾಲರಾದಲ್ಲಿ ಲಂಡನ್ನಿನಲ್ಲೇ ಸುಮಾರು 14,000 ಜನ ಹೋದರು.

— ಒಳ್ಳೇ ಉದ್ದೇಶ ಇಟ್ಕೊಂಡೇ ಮಾಡಿದ್ದು ಪಾಪ.

— ಅದೇ ನನಗೆ ಸಿಟ್ಟು ಬರೋದು, ಮಾವ. ನಾವಿಬ್ಬರೂ ನಿಂತಿರೋ ಈ ಲ್ಯಾಂಬೆತ್ತಿಗೂ ಅದಕ್ಕೂ ಸಂಬಂಧ ಇದೆ. ಲ್ಯಾಂಬೆತ್ ಹೆಸರಿನ ನೀರಿನ ಕಂಪನಿ ಮೊದಲು ಇಲ್ಲೇ, ಊರ ನಡುವಿನ ಹೊಳೆಯಿಂದ ನೀರೆತ್ತುತ್ತಿತ್ತು. 1852ರಲ್ಲಿ ಅದು ಮೇಲಕ್ಕೆ, ಥೇಮ್ಸ್ ಡಿಟನ್ನಿಗೆ ಹೋಯ್ತು. ಲಂಡನ್ನಿನ ಹೊಲಸು ಅಲ್ಲಿಗೆ ಮುಟ್ಟಲ್ಲ. ಅದೇ ಬೀದಿಗಳಿಗೆ ನೀರು ಕೊಡ್ತಿದ್ದ ಇನ್ನೊಂದು ಕಂಪನಿ ಬ್ಯಾಟರ್‌ಸಿಯಲ್ಲೇ ಎತ್ತೋದನ್ನ ಮುಂದುವರಿಸಿತು. 1854ರಲ್ಲಿ ಮತ್ತೆ ಕಾಲರಾ. ಜಾನ್ ಸ್ನೋ ಅನ್ನೋ ಡಾಕ್ಟರು ಸತ್ತವರ ಮನೆಗೆ ಯಾವ ಕಂಪನಿಯ ನೀರು ಬರ್ತಿತ್ತು ಅಂತ ಮನೆಮನೆ ವಿಚಾರಿಸಿ ಲೆಕ್ಕ ಹಾಕಿದ. ಬ್ಯಾಟರ್‌ಸಿ ನೀರು ಕುಡಿದವರಲ್ಲಿ ಹತ್ತು ಸಾವಿರ ಮನೆಗೆ 315 ಸಾವು. ಲ್ಯಾಂಬೆತ್ ನೀರಿನವರಲ್ಲಿ 37. ಒಂದೇ ಬೀದಿ, ಒಂದೇ ಗಾಳಿ, ಒಂದೇ ಥರದ ಬಡತನ. ಬ್ರಾಡ್ ಸ್ಟ್ರೀಟಿನ ಪಂಪಿನ ನೀರಿನಿಂದ ಕಾಲರಾ ಹರಡ್ತಿದೆ ಅಂತ ಅವನು ತೋರಿಸಿದ್ದನ್ನೇ ಎಲ್ಲರೂ ಹೇಳ್ತಾರೆ. ನನ್ನ ಕೇಳಿದ್ರೆ ಅದಕ್ಕಿಂತ ದೊಡ್ಡ ಕೆಲಸ ಇದು.

— ನೀನು ಡಾಕ್ಟರು, ನಿನ್ನವರನ್ನ ಬಿಟ್ಟುಕೊಡಲ್ಲ. ಅವನ ಮಾತು ಕೇಳಿದರಾ?

— ಅಧಿಕಾರದಲ್ಲಿದ್ದ ಬಹುಪಾಲು ಜನ ಕೇಳಲಿಲ್ಲ. 1858ರ ಜೂನ್ 16ಕ್ಕೆ ಅವನು ತೀರಿಕೊಂಡ. ಆಗ ಹೊಳೆಯ ನಾತ ಏರ್ತಾ ಇತ್ತು. ಆ ಬೇಸಿಗೆ ಬಿಸಿಲು ಜಾಸ್ತಿ, ಹೊಳೆಯಲ್ಲಿ ನೀರು ಕಡಿಮೆ. ಉಬ್ಬರಕ್ಕೆ ಬಂದ ಹೊಲಸು ಇಳಿತಕ್ಕೆ ದಡದ ಮೇಲೆ ಕೂತು ಬೇಯ್ತಿತ್ತು. ಪಾರ್ಲಿಮೆಂಟಿನ ಪರದೆಗಳನ್ನ ಬ್ಲೀಚಿಂಗ್ ಸುಣ್ಣದಲ್ಲಿ ಅದ್ದಿ ತೂಗುಹಾಕಿದ್ರು. ಆದ್ರೂ ಹೊಳೆ ಕಡೆಯ ಕೋಣೆಗಳಲ್ಲಿ ಕೂರೋದಕ್ಕಾಗಲಿಲ್ಲ. ಮಂತ್ರಿ ಡಿಸ್ರೇಲಿ ಚರಂಡಿಗಾಗಿ ಮಸೂದೆ ತಂದ. ಹದಿನೆಂಟು ದಿನದಲ್ಲಿ ಪಾಸು. ಆಗಸ್ಟ್ 2ಕ್ಕೆ ಕಾನೂನು.

— ಹದಿನೆಂಟೇ ದಿನ. ಹಾಗಾದ್ರೆ ನೋಡು, ಚರಂಡಿ ಕಟ್ಟಿದ್ದು ಎಂಜಿನಿಯರಲ್ಲ, ಡಾಕ್ಟರಲ್ಲ. ಮಂತ್ರಿಯ ಮೂಗು. ನಾನು ಸರ್ವಿಸ್ಸಿನಲ್ಲಿ ಇದ್ದಾಗಲೂ ಅಷ್ಟೇ. ಕೊಳೆಗೇರಿಯ ಮ್ಯಾನ್‌ಹೋಲ್ ಉಕ್ಕಿದ್ರೆ ಅರ್ಜಿ, ದೊಡ್ಡವರ ಗೇಟಿನ ಮುಂದೆ ಉಕ್ಕಿದ್ರೆ ಫೋನು.

— ಇರಬಹುದು. ಆದ್ರೆ ಫೋನು ಬಂದ ದಿನ ಡ್ರಾಯಿಂಗು ರೆಡಿ ಇರಬೇಕಲ್ಲ. ಬಜಾಲ್ಗೆಟ್ ಹತ್ತಿರ ಇತ್ತು. ವರ್ಷಗಳಿಂದ ಯೋಜನೆ ಕೊಡ್ತಿದ್ದ, ವಾಪಸ್ ಬರ್ತಿತ್ತು. ಅವನು ಹೊಸದಾಗಿ ಮೋರಿ ಕಂಡುಹಿಡೀಲಿಲ್ಲ. ಹಳೇ ಮೋರಿ ಎಲ್ಲಾ ಉತ್ತರದಿಂದ ದಕ್ಷಿಣಕ್ಕೋ ದಕ್ಷಿಣದಿಂದ ಉತ್ತರಕ್ಕೋ ಹರಿದು ಹೊಳೆ ಸೇರ್ತಿದ್ವು. ಅವನು ಅವುಗಳಿಗೆ ಅಡ್ಡವಾಗಿ, ಹೊಳೆಗೆ ಸಮಾನಾಂತರವಾಗಿ, ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ಚರಂಡಿ ಹಾಕಿದ. ಉತ್ತರಕ್ಕೆ ಮೂರು, ದಕ್ಷಿಣಕ್ಕೆ ಎರಡು. ಹೊಲಸು ಹೊಳೆ ಮುಟ್ಟೋ ಮೊದಲೇ ತಿರುಗಿಸಿಬಿಡೋದು. ಒಟ್ಟು 82 ಮೈಲಿ. ಇಟ್ಟಿಗೆ 31 ಕೋಟಿ 80 ಲಕ್ಷ.

— ವಾಟ ಎಷ್ಟು ಕೊಟ್ಟಿದ್ದ?

— ಮೈಲಿಗೆ ಎರಡಡಿ.

— ಮೈಲಿಗೆ... ಅಂದ್ರೆ 2,640ಕ್ಕೆ ಒಂದು. ಅಮ್ಮಾ, ಅದು ವಾಟ ಅಲ್ಲ, ತಪಸ್ಸು. ನಮ್ಮ ಮೇಸ್ತ್ರಿಗಳಿಗೆ ಬಾತ್‌ರೂಮಿನ ಹತ್ತಡಿಯಲ್ಲಿ ವಾಟ ನಿಲ್ಲಿಸೋದು ಕಷ್ಟ, ನೀರು ಬಾಗಿಲಿಗೇ ಬರುತ್ತೆ. ಹೊಲಸು ಕೂರದೆ ಹರೀಬೇಕು ಅಂದ್ರೆ ವೇಗ ಬೇಕು. ಮೊಟ್ಟೆ ಆಕಾರ ಇಟ್ಟಿರಬೇಕಲ್ವಾ? ಚೂಪು ಕೆಳಗೆ.

— ಹೌದು, ಎಷ್ಟೋ ಕಡೆ. ನೀವು ಹೇಗೆ...

— ಮಳೆ ಇಲ್ಲದ ದಿನ ಸ್ವಲ್ಪವೇ ನೀರು ಇರುತ್ತೆ. ಅಗಲ ತಳದಲ್ಲಿ ಹರಡಿಕೊಂಡ್ರೆ ನಿಧಾನ ಆಗಿ ಹೂಳು ಕೂರುತ್ತೆ. ಚೂಪು ತಳದಲ್ಲಿ ಅದೇ ನೀರು ಆಳವಾಗಿ ನಿಂತು ಓಡುತ್ತೆ. ಮಳೆ ಬಂದಾಗ ಮೇಲಿನ ಅಗಲ ಕೆಲಸಕ್ಕೆ ಬರುತ್ತೆ. ಸಿಮೆಂಟು ಯಾವುದು?

— ಪೋರ್ಟ್‌ಲ್ಯಾಂಡ್ ಸಿಮೆಂಟು. ಆಗಿನ್ನೂ ಅಷ್ಟು ದೊಡ್ಡ ಕೆಲಸಕ್ಕೆ ಯಾರೂ ನಂಬ್ತಿರಲಿಲ್ಲ. ಬಂದ ಸಿಮೆಂಟನ್ನೆಲ್ಲ ಪರೀಕ್ಷೆ ಮಾಡಿಸಿಯೇ ಬಳಸಿದ. ಇನ್ನೊಂದು ಕಥೆ ಇದೆ. ಬೇಕಾದ ಅಗಲ ಲೆಕ್ಕ ಹಾಕಿ, ಮುಂದೆ ಏನಾಗುತ್ತೋ ಅಂತ ಅದನ್ನ ಎರಡರಷ್ಟು ಮಾಡಿಬಿಟ್ಟನಂತೆ.

— ಅದನ್ನ ನಾನು ನಂಬಲ್ಲ. ಮೈಲಿಗೆ ಎರಡಡಿ ವಾಟ ಇಟ್ಕೊಂಡವನು ಅಗಲ ಸುಮ್ಮನೆ ದುಪ್ಪಟ್ಟು ಮಾಡಲ್ಲ. ಮಾಡಿದ್ರೆ ಮಳೆ ಇಲ್ಲದ ದಿನ ಹೂಳು ಕೂತು ಅವನ ಮಾನ ಹೋಗ್ತಿತ್ತು. ದೊಡ್ಡ ಎಂಜಿನಿಯರ್ ಸತ್ತ ಮೇಲೆ ಇಂಥ ಕಥೆ ಹುಟ್ಟಿಕೊಳ್ತವೆ. ಅವನು ಮಾಡಿದ ನಿಜವಾದ ಲೆಕ್ಕಕ್ಕಿಂತ ಹೇಳೋದಕ್ಕೆ ಸುಲಭ. ಸರಿ, ಇಷ್ಟು ಹೊಲಸನ್ನ ಪೂರ್ವಕ್ಕೆ ತಗೊಂಡು ಹೋಗಿ ಏನು ಮಾಡಿದ?

— ಪಂಪ್‌ಹೌಸಿನಲ್ಲಿ ಮೇಲಕ್ಕೆತ್ತಿ, ಉತ್ತರದ್ದನ್ನ ಬೆಕ್ಟನ್ನಿನಲ್ಲಿ, ದಕ್ಷಿಣದ್ದನ್ನ ಕ್ರಾಸ್‌ನೆಸ್ಸಿನಲ್ಲಿ ಇಳಿತದ ಹೊತ್ತಿಗೆ ಹೊಳೆಗೆ ಬಿಟ್ಟ. ಕ್ರಾಸ್‌ನೆಸ್ ಪಂಪ್‌ಹೌಸ್ 1865ರಲ್ಲಿ ಶುರುವಾಯ್ತು, ಯುವರಾಜನೇ ಬಂದಿದ್ದ. ಉಗಿಯ ಎಂಜಿನ್ ನಾಲ್ಕು: ವಿಕ್ಟೋರಿಯಾ, ಪ್ರಿನ್ಸ್ ಕಾನ್ಸೋರ್ಟ್, ಆಲ್ಬರ್ಟ್ ಎಡ್ವರ್ಡ್, ಅಲೆಕ್ಸಾಂಡ್ರಾ.

— ಹೊಲಸು ಎತ್ತೋ ಎಂಜಿನ್ನಿಗೆ ರಾಣಿಯ ಹೆಸರು! ನಮ್ಮಲ್ಲಿ ಯಾವ ಮುಖ್ಯಮಂತ್ರಿ ಒಪ್ಪಿಕೊಳ್ತಾನೆ ಹೇಳು? ಅದೊಂದಕ್ಕೆ ಇವರನ್ನ ಮೆಚ್ಚಬೇಕು. ಆದ್ರೆ ಕೊನೆಗೆ ಮಾಡಿದ್ದೇನು? ನಾತವನ್ನ ಸಾಗುಹಾಕಿದ್ದು. ಮಂತ್ರಿಯ ಮೂಗಿನ ಕೆಳಗಿಂದ ಬೆಕ್ಟನ್ನಿನವರ ಮೂಗಿನ ಕೆಳಕ್ಕೆ.

— ಅಷ್ಟು ಹಗುರ ಮಾಡಬೇಡಿ. 1866ರಲ್ಲಿ ಕೊನೇ ಸಲ ದೊಡ್ಡ ಕಾಲರಾ ಬಂತು. ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಈಸ್ಟ್ ಎಂಡಿನಲ್ಲಿ. ಬಜಾಲ್ಗೆಟ್ಟನ ಕೆಲಸ ಆಗ ಅಲ್ಲಿ ಇನ್ನೂ ಮುಗಿದಿರಲಿಲ್ಲ. ಕೊಳಕು ನೀರು ಕೊಡ್ತಿದ್ದ ಕಂಪನಿಯದ್ದೂ ತಪ್ಪು ಇತ್ತು. ಚರಂಡಿ ಪೂರ್ತಿ ಆದ ಮೇಲೆ ಲಂಡನ್ನಿನಲ್ಲಿ ಅಂಥ ಕಾಲರಾ ಮತ್ತೆ ಬರಲಿಲ್ಲ. ತಮಾಷೆ ಅಂದ್ರೆ, ಕಟ್ಟಿಸಿದವರು ಓಡಿಸಬೇಕು ಅಂದುಕೊಂಡಿದ್ದು ನಾತವನ್ನ. ಓಡಿದ್ದು ರೋಗಾಣು. ಅದನ್ನ ರಾಬರ್ಟ್ ಕಾಖ್ 1884ರಲ್ಲಿ ನಮ್ಮ ಕಲ್ಕತ್ತೆಯ ಕೆರೆಯ ನೀರಿನಲ್ಲಿ ಹಿಡಿದು ತೋರಿಸೋ ಹೊತ್ತಿಗೆ, ಇಲ್ಲಿನ ಇಟ್ಟಿಗೆಯ ಗಾರೆ ಒಣಗಿ ವರ್ಷಗಳಾಗಿದ್ವು. ತಪ್ಪು ತಿಳಿದುಕೊಂಡು ಸರಿಯಾದ ಕೆಲಸ ಮಾಡಿದ್ರು.

— ಚಾಡ್ವಿಕ್ಕೂ ಅದೇ ತಪ್ಪು ತಿಳಿದುಕೊಂಡಿದ್ದ. ಅವನ ಕೈಯಲ್ಲಿ ಅದು ಜನರನ್ನ ಕೊಂದಿತು. ಇವನ ಕೈಯಲ್ಲಿ ಉಳಿಸಿತು. ಅದೃಷ್ಟ ಅಂತೀನಿ. ಬೆಕ್ಟನ್ನಿನ ಕಡೆ ಏನಾಯ್ತು, ಅದನ್ನ ನುಂಗಿಬಿಟ್ಟೆ ನೀನು.

— ನುಂಗಿಲ್ಲ. 1878ರ ಸೆಪ್ಟೆಂಬರ್ 3ರ ಸಂಜೆ, ಪ್ರಿನ್ಸೆಸ್ ಅಲಿಸ್ ಅನ್ನೋ ವಿಹಾರದ ಸ್ಟೀಮರು ಅದೇ ಜಾಗದ ಹತ್ತಿರ ಕಲ್ಲಿದ್ದಲ ಹಡಗೊಂದು ಡಿಕ್ಕಿ ಹೊಡೆದು ಮುಳುಗಿತು. ಅದಕ್ಕೆ ಒಂದು ಗಂಟೆ ಮೊದಲು ಹೊಲಸು ಬಿಟ್ಟಿದ್ರು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಆ ಮೇಲೆ ವಿಚಾರಣೆ, ಗಲಾಟೆ. ಕೊನೆಗೆ 1887ರಿಂದ ಹೂಳನ್ನ ಬೇರೆ ಮಾಡಿ ಹಡಗಿನಲ್ಲಿ ತಗೊಂಡು ಹೋಗಿ ಸಮುದ್ರಕ್ಕೆ ಸುರಿಯೋದಕ್ಕೆ ಶುರುಮಾಡಿದ್ರು. ಮೊದಲನೇ ಹಡಗಿಗೆ ಇಟ್ಟ ಹೆಸರು ಬಜಾಲ್ಗೆಟ್. ಸಮುದ್ರಕ್ಕೆ ಸುರಿಯೋದು ನಿಂತದ್ದು 1998ರಲ್ಲಿ.

— ನನ್ನ ಕಾಲದ್ದೇ ಆಯ್ತಲ್ಲ! ನಾನು ರಿಟೈರ್ ಆಗೋ ಸುಮಾರಿಗೆ ಇವರು ಸಮುದ್ರಕ್ಕೆ ಸುರೀತಿದ್ರಾ? ನಮ್ಮ ವೃಷಭಾವತಿ ನೋಡಿ ಮೂಗು ಮುಚ್ಚಿಕೊಳ್ಳೋ ದೊರೆಗಳು.

— ಈಗ ಸುಡ್ತಾರೆ, ಕರೆಂಟು ತೆಗೀತಾರೆ. ಆದ್ರೆ ತೊಂದರೆ ಅದೊಂದೇ ಅಲ್ಲ. ಮಳೆನೀರು, ಕಕ್ಕಸಿನ ನೀರು ಎರಡೂ ಒಂದೇ ಚರಂಡಿಯಲ್ಲಿ. ಜೋರು ಮಳೆ ಬಂದ್ರೆ ಹಿಂದೆ ತಳ್ಳಿ ಮನೆಯೊಳಗೆ ಉಕ್ಕಬಾರದು ಅಂತ, ಒಂದು ಮಟ್ಟ ದಾಟಿದ ಮೇಲೆ ಹೊಳೆಗೆ ಹರಿಯೋ ಹಾಗೆ ಬಜಾಲ್ಗೆಟ್ಟೇ ದಾರಿ ಇಟ್ಟಿದ್ದ. 40 ಲಕ್ಷ ಜನಕ್ಕೆ ಅಂತ ಮಾಡಿದ್ದಕ್ಕೆ ಈಗ 90 ಲಕ್ಷ ಜನ. ಎಲ್ಲಾ ಕಡೆ ಕಾಂಕ್ರೀಟು. ಯಾವಾಗಲೋ ಒಮ್ಮೆ ಅಂತ ಇಟ್ಟ ದಾರಿಯಲ್ಲಿ ಸಣ್ಣ ಮಳೆಗೂ ಹರಿಯೋದು ಶುರುವಾಯ್ತು, ವರ್ಷಕ್ಕೆ ಐವತ್ತು ಸಲದವರೆಗೂ. ಅದಕ್ಕೇ ಟೈಡ್‌ವೇ ಅನ್ನೋ ಹೊಸ ಚರಂಡಿ ಸುರಂಗ. ಪಶ್ಚಿಮದ ಆಕ್ಟನ್ನಿನಿಂದ ಪೂರ್ವದ ಆಬಿ ಮಿಲ್ಸ್‌ವರೆಗೆ 25 ಕಿಲೋಮೀಟರ್, 7.2 ಮೀಟರ್ ಅಗಲ. ಬಹುಪಾಲು ಹೊಳೆಯ ಕೆಳಗೇ, ಹೊಳೆ ತಿರುಗಿದ ಹಾಗೇ ತಿರುಗುತ್ತಾ ಹೋಗುತ್ತೆ. ಈಗ ನಮ್ಮ ಮುಂದೆಯೂ ಕೆಳಗಿದೆ.

— ಹೊಳೆ ಕೆಳಗೇ ಯಾಕೆ ಅಂತ ಹೇಳಬೇಡ, ನಾನೇ ಹೇಳ್ತೀನಿ. ಭೂಸ್ವಾಧೀನ ಇಲ್ಲ. ಯಾರ ಮನೆ ಬಿರುಕು ಬಿಟ್ಟಿತು ಅಂತ ಕೋರ್ಟಿಗೆ ಹೋಗಲ್ಲ. ಉಕ್ಕೋ ಬಾಯಿಗಳೆಲ್ಲ ಹೇಗೂ ದಡದಲ್ಲೇ ಇವೆ. ಅಗೆದ ಮಣ್ಣನ್ನ ದೋಣಿಯಲ್ಲೇ ಸಾಗಿಸಬಹುದು.

— ಪೂರ್ತಿ ಸರಿ. ಅಂಥ 34 ಬಾಯಿಗಳ ಕಾಟ ತಪ್ಪಿಸೋದು ಗುರಿ. ಅಲ್ಲಿ ವಾಕ್ಸ್‌ಹಾಲ್ ಸೇತುವೆ ಹತ್ತಿರ ಗೂಢಚಾರರ ಆಫೀಸು ಕಾಣುತ್ತಲ್ಲ, ಅದರ ಬುಡದಲ್ಲೇ ಎಫ್ರಾ ಅನ್ನೋ ಹಳೇ ತೊರೆಯ ಬಾಯಿ ಇದೆ. ಅದೂ ಎಂದೋ ಮೋರಿಯಾದದ್ದು. ಅಲ್ಲಿಂದಲೂ ಈಗ ಕೆಳಕ್ಕೆ ಇಳಿಸಿದ್ದಾರೆ. 2016ರಲ್ಲಿ ಕಾಮಗಾರಿ ಶುರು, 2025ರ ಫೆಬ್ರವರಿಗೆ ಎಲ್ಲಾ ಜೋಡಣೆ ಮುಗೀತು. ಸುಮಾರು 450 ಕೋಟಿ ಪೌಂಡು. ಮತ್ತೆ ನೋಡಿ ಮಾವ, ಈ ಸಲ ಯಾವ ಮಂತ್ರಿಯ ಮೂಗಿಗೂ ಬಡಿದಿರಲಿಲ್ಲ. ಯುರೋಪಿನ ಕಾನೂನು ಮುರಿದಿದ್ದೀರಿ ಅಂತ 2012ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ನಿಮ್ಮ ವಾದ ಇಲ್ಲಿ ನಿಲ್ಲಲ್ಲ.

— ನಿಲ್ಲದಿದ್ರೆ ಬೇಡ, ಒಪ್ಪಿದೆ. ದುಡ್ಡು ಯಾರದ್ದು?

— ನಮ್ಮದೇ. ನೀರಿನ ಬಿಲ್ಲಿನಲ್ಲಿ ವಸೂಲಿ.

— ಆ ಒಪ್ಪಿಗೆಯಲ್ಲಿ ಅರ್ಧ ವಾಪಸ್ ತಗೊಂಡೆ ಹಾಗಾದ್ರೆ. ಕೊರೆದದ್ದು ಯಂತ್ರವೇ ತಾನೆ?

— ಆರು ಯಂತ್ರ. ಹೆಂಗಸರ ಹೆಸರು. ಮಿಲಿಸೆಂಟ್ ಅಂತ ಒಂದು, ಹೆಂಗಸರ ಓಟಿಗಾಗಿ ಹೋರಾಡಿದ ಮಿಲಿಸೆಂಟ್ ಫಾಸೆಟ್ ನೆನಪಿಗೆ. ಷಾರ್ಲೆಟ್ ಅಂತ ಇನ್ನೊಂದು.

— ಯಂತ್ರಕ್ಕೆ ಹೆಸರಿದೆ, ರಾಣಿ ಎಂಜಿನ್ನಿಗೂ ಇತ್ತು. ಆ ಮೂವತ್ತಾರು ಗೂಡಿನಲ್ಲಿ ಕೂತಿದ್ದವರಿಗೆ? ಇವತ್ತು ಆ ಇಟ್ಟಿಗೆ ಚರಂಡಿಯೊಳಗೆ ಇಳಿಯೋರು ಯಾರಾದ್ರೂ ಇದ್ದಾರಾ, ಇಲ್ಲ ಎಲ್ಲಾ ಕ್ಯಾಮೆರಾದಲ್ಲೇ ನೋಡ್ತಾರಾ?

— ಇಳೀತಾರೆ. ಫ್ಲಷರ್ ಅಂತಾರೆ ಅವರನ್ನ. 2017ರಲ್ಲಿ ವೈಟ್‌ಚಾಪೆಲ್ಲಿನ ಕೆಳಗೆ ಅಡುಗೆ ಕೊಬ್ಬು, ಒದ್ದೆ ಒರೆಸುವ ಕಾಗದ ಎಲ್ಲಾ ಗಟ್ಟಿಯಾಗಿ ಸುಮಾರು 130 ಟನ್ನಿನ ಗಡ್ಡೆ ಸಿಕ್ಕಿತ್ತು. 250 ಮೀಟರ್ ಉದ್ದ. ವಾರಗಟ್ಟಲೆ ಒಳಗೆ ನಿಂತು ನೀರಿನ ಜೆಟ್ಟಿನಿಂದ, ಗುದ್ದಲಿಯಿಂದ ಒಡೆದು ತೆಗೆದರು. ಅದರ ಒಂದು ತುಂಡು ಮ್ಯೂಸಿಯಮ್ಮಿನಲ್ಲೂ ಇಟ್ಟಿದ್ರು, ನಾನು ನೋಡಿಬಂದೆ.

— ನೋಡೋ ವಸ್ತುವೇನೇ ಅದು! ಒಳಗೆ ಹೋಗೋ ಮೊದಲು ಏನು ಮಾಡ್ತಾರೆ? ನಮಗೆ ಕೋಡಿನಲ್ಲಿ ಬರೆದಿತ್ತು: ಮುಂದಿನ ಹಿಂದಿನ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಗಾಳಿಯಾಡಿಸು, ಲೆಡ್ ಅಸಿಟೇಟ್ ಕಾಗದ ಒದ್ದೆ ಮಾಡಿ ಇಳಿಬಿಡು, ಕಪ್ಪಾದ್ರೆ ಯಾರೂ ಇಳೀಬಾರದು. ಕಾಗದ ಎಲ್ಲಿತ್ತು? ಸ್ಟೋರಿನಲ್ಲಿ ಇಂಡೆಂಟು ಹಾಕಿದ್ರೆ ನಗ್ತಿದ್ರು. ಕಂಟ್ರಾಕ್ಟರು ಮನುಷ್ಯನ್ನೇ ಇಳಿಸ್ತಿದ್ದ. ಮನುಷ್ಯರ ಕೈಯಲ್ಲಿ ಮಲ ಬಳಿಸಬಾರದು ಅಂತ 1993ರಲ್ಲಿ ಒಂದು ಕಾನೂನು, ರಕ್ಷಣೆಯಿಲ್ಲದೆ ಚರಂಡಿಗೆ ಇಳಿಸಬಾರದು ಅಂತ 2013ರಲ್ಲಿ ಇನ್ನೊಂದು. ಪೇಪರಿನಲ್ಲಿ ಈಗಲೂ ಓದ್ತೀನಿ, ಮೊದಲು ಒಬ್ಬ ಬಿದ್ದ, ಎತ್ತೋದಕ್ಕೆ ಇನ್ನೊಬ್ಬ ಇಳಿದ.

— ಇಲ್ಲಿ ಗ್ಯಾಸ್ ಮೀಟರು ಸೊಂಟದಲ್ಲೇ ಇರುತ್ತೆ, ಮಾವ. ಅದು ಕೂಗಿಕೊಂಡ್ರೆ ತಕ್ಷಣ ಹಾಕಿಕೊಳ್ಳೋದಕ್ಕೆ ಉಸಿರಿನ ಡಬ್ಬಿ. ಹಗ್ಗ ಹಿಡಿದು ಮೇಲೊಬ್ಬರು ಕಾಯ್ತಿರ್ತಾರೆ. ಮಳೆ ಬರೋ ಸೂಚನೆ ಇದ್ರೆ ಇಳಿಯೋ ಹಾಗೇ ಇಲ್ಲ.

— ಮೊದಲು ಮೀಟರು ಇಳಿಸ್ತಾರಾ, ಮನುಷ್ಯನ್ನಾ?

— ಮೀಟರು.

— ಇಟ್ಟಿಗೆ ಲೆಕ್ಕ ಹೇಳೋದಕ್ಕೆ ಮುಂಚೆ ಇದನ್ನ ಹೇಳಬಾರದಿತ್ತಾ ನೀನು? ನಡಿ, ಮಳೆ ಬರೋ ಹಾಗಿದೆ.